ಮಾತಿಗೂ ಒಂದು ಹೂಮಳೆ

ಚಿಕ್ಕಮಗಳೂರಿನಲ್ಲಿ ಮಾರ್ಚ್ ತಿಂಗಳ ಒಂದು ಭಾನುವಾರ ಸಂಜೆ, ಮನುಷ್ಯರಿಗೆ ಮಾತು ಹೇಗೆ ಬರುತ್ತದೆ ಅನ್ನುವ ಬಗ್ಗೆ ನಾನು ಮಾಡಿದ ಭಾಷಣವನ್ನು ನೆನಪಿನಿಂದ ಬರೆದಿದ್ದೇನೆ. ಅವತ್ತು ಕರೆಂಟ್ ಹೋಗಿ ಮೈಕ್ ನಿಂತುಹೋಯಿತು. ಹಿಂದೆ ಕೂತವರಿಗೆ ಅರ್ಧ ಕೇಳಿಸಲಿಲ್ಲವಂತೆ. ಅವರಿಗಾಗಿಯೇ ಇದು. ಅಲ್ಲಿ ಹೇಳಲು ಮರೆತದ್ದನ್ನೂ ಒಂದಿಷ್ಟು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ನಾನು ಮೂಡಿಗೆರೆ ಕಡೆಯವಳು. ಅಪ್ಪ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಮೈಸೂರಿನಲ್ಲಿ ಓದಿ, ಮೂವತ್ತು ವರ್ಷ ಮಾತಿನ ತೊಂದರೆ ಇರುವವರ ಜೊತೆ ಕೆಲಸ ಮಾಡಿದೆ. ಊರಲ್ಲಿ ನನ್ನನ್ನು 'ಮಾತು ಕಲಿಸುವ ಮೇಡಂ' ಅನ್ನುತ್ತಾರೆ. ಪ್ರೀತಿಯಿಂದ ಕರೆಯುತ್ತಾರೆ, ಬೇಡ ಅನ್ನೋಕಾಗಲ್ಲ. ಆದರೆ ಆ ಹೆಸರು ಸರಿಯಲ್ಲ. ಮೊದಲ ಮಾತನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಅದು ಬೆಳೆಯುತ್ತದೆ. ಗಿಡ ಬೆಳೆದ ಹಾಗೆ.

ಶುರು ಮಾಡುವುದಾದರೆ ನಮ್ಮ ದೊಡ್ಡಪ್ಪನಿಂದಲೇ ಶುರು ಮಾಡಬೇಕು. ಬೇಲೂರಿನಲ್ಲಿ ಅವರದ್ದು ದಿನಸಿ ಅಂಗಡಿ. ಒಂದು ಬೆಳಿಗ್ಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋಯಿತು. ಮಾತೂ ಹೋಯಿತು. ಉಳಿದಿದ್ದು ಎರಡೇ ಪದ: 'ಅದೇ ಮತ್ತೆ.' ಊಟ ಆಯ್ತಾ ದೊಡ್ಡಪ್ಪ? ಅದೇ ಮತ್ತೆ. ನೋವಿದೆಯಾ? ಅದೇ ಮತ್ತೆ. ಸಿಟ್ಟಿಗೂ ಅದೇ, ನಗುವಿಗೂ ಅದೇ. ರಾಗ ಮಾತ್ರ ಬೇರೆ ಬೇರೆ.

ನೆಂಟರೆಲ್ಲ ಬುದ್ಧಿ ಹೋಯಿತು ಅಂತ ತೀರ್ಮಾನ ಮಾಡಿಬಿಟ್ಟರು. ಆದರೆ ಅಂಗಡಿಯಲ್ಲಿ ಹುಡುಗ ಚಿಲ್ಲರೆ ತಪ್ಪಾಗಿ ಕೊಟ್ಟರೆ ದೊಡ್ಡಪ್ಪ ಎಡಗೈಯಲ್ಲಿ ಅವನ ಮಣಿಕಟ್ಟು ಹಿಡಿಯುತ್ತಿದ್ದರು. ಲೆಕ್ಕ ಸರಿಯಾಗಿಯೇ ಇತ್ತು. ಒಂದು ಶನಿವಾರ ಮನೆಯಲ್ಲಿ ಭಜನೆ. ಎಲ್ಲರ ಜೊತೆ ದೊಡ್ಡಪ್ಪನೂ ಬಾಯಿ ತೆರೆದರು. ದಾಸರ ಪದವೊಂದನ್ನು ಪಲ್ಲವಿಯಿಂದ ಕೊನೆಯ ನುಡಿಯವರೆಗೆ ತೊದಲದೆ ಹಾಡಿದರು. ದೊಡ್ಡಮ್ಮ ತಾಳ ಕೆಳಗಿಟ್ಟು ಅತ್ತುಬಿಟ್ಟರು. ಭಜನೆ ಮುಗಿಯಿತು. ನೀರು ಬೇಕಾ ಅಂತ ಕೇಳಿದೆವು. ಅದೇ ಮತ್ತೆ.

ಆಗ ನನಗೆ ಹದಿನಾಲ್ಕು ವರ್ಷ. ಹಾಡಿನಲ್ಲಿ ಅಷ್ಟೊಂದು ಪದ ಹೇಳಿದ ನಾಲಿಗೆಗೆ 'ನೀರು' ಅನ್ನೋಕೆ ಯಾಕೆ ಆಗಲ್ಲ? ಆ ಪ್ರಶ್ನೆ ನನ್ನನ್ನು ಮೈಸೂರಿನವರೆಗೆ ಎಳೆದುಕೊಂಡು ಹೋಯಿತು.

ಅಲ್ಲಿ ಓದುವಾಗ ತಿಳಿಯಿತು, ದೊಡ್ಡಪ್ಪನಂಥವರು ಹಿಂದೆ ಪ್ಯಾರಿಸ್ ಹತ್ತಿರವೂ ಒಬ್ಬರಿದ್ದರು. ಲೆಬೋರ್ನ್ಯ ಅಂತ ಹೆಸರು. 21 ವರ್ಷ ಆಸ್ಪತ್ರೆಯಲ್ಲೇ ಕಳೆದ ಮನುಷ್ಯ. ಏನು ಕೇಳಿದರೂ 'ತಾನ್ ತಾನ್' ಅನ್ನುತ್ತಿದ್ದ. ಆಸ್ಪತ್ರೆಯವರು ಅವನನ್ನು ತಾನ್ ಅಂತಲೇ ಕರೆಯುತ್ತಿದ್ದರು. 1861ರಲ್ಲಿ ಅವನು ತೀರಿಕೊಂಡಾಗ ಪಾಲ್ ಬ್ರೋಕಾ ಎಂಬ ವೈದ್ಯರು ಮಿದುಳನ್ನು ತೆಗೆದು ನೋಡಿದರು. ಎಡಗಡೆ, ಹಣೆಯ ಪಕ್ಕಕ್ಕೆ ಬರುವ ಭಾಗ ಹಾಳಾಗಿತ್ತು. ಆ ಜಾಗಕ್ಕೆ ಈಗಲೂ ಬ್ರೋಕಾ ಅವರ ಹೆಸರೇ ಇದೆ. ಎಡ ಮಿದುಳು ನಮ್ಮ ಬಲಗೈ ಬಲಗಾಲನ್ನು ಆಡಿಸುತ್ತದೆ. ಅದಕ್ಕೇ ಬಲಗಡೆ ಲಕ್ವ ಹೊಡೆದವರಿಗೆ ಮಾತೂ ಹೋಗುವುದು ಜಾಸ್ತಿ. ಬಲಗೈ ಬಳಸುವವರಲ್ಲಿ ನೂರಕ್ಕೆ 95ರಷ್ಟು ಮಂದಿಗೆ ಮಾತಿನ ಮುಖ್ಯ ಕೆಲಸ ಎಡ ಮಿದುಳಿನಲ್ಲೇ ನಡೆಯುತ್ತದೆ. ಎಡಚರಲ್ಲೂ ನೂರಕ್ಕೆ 70ರಷ್ಟು ಮಂದಿಗೆ ಹಾಗೆಯೇ.

1874ರಲ್ಲಿ ಕಾರ್ಲ್ ವೆರ್ನಿಕೆ ಎಂಬ ಜರ್ಮನ್ ವೈದ್ಯರು ಇದಕ್ಕೆ ತಿರುಗಾಮುರುಗಾ ಕಾಯಿಲೆ ವಿವರಿಸಿದರು. ಇಲ್ಲಿ ಹಾಳಾಗುವುದು ಎಡಗಿವಿಯ ಮೇಲೆ, ಸ್ವಲ್ಪ ಹಿಂದಿನ ಭಾಗ. ಇವರು ನಿರರ್ಗಳವಾಗಿ ಮಾತಾಡುತ್ತಾರೆ. ಅರ್ಥ ಮಾತ್ರ ಇರುವುದಿಲ್ಲ. ನನ್ನ ಹತ್ತಿರ ಬಂದಿದ್ದ ಒಬ್ಬ ನಿವೃತ್ತ ಮೇಷ್ಟ್ರು ಹೀಗೆ ಹೇಳುತ್ತಿದ್ದರು: 'ಆ ಗಿಂಡಿಯನ್ನು ನಾಳೆಗೆ ಒಣಗಿಸಿ ಬಸ್ಸಿಗೆ ಬಡಿಸಿಬಿಟ್ಟರೆ ಸರಿಹೋಗುತ್ತಲ್ಲ.' ವ್ಯಾಕರಣ ತಪ್ಪಿಲ್ಲ ನೋಡಿ. ವಿಭಕ್ತಿ, ಕ್ರಿಯಾಪದ, ಕೊನೆಗೆ ಆ 'ಅಲ್ಲ' ಕೂಡ ತನ್ನ ಜಾಗದಲ್ಲೇ ಇದೆ. ನಾವು ಹೇಳಿದ್ದೂ ಅವರಿಗೆ ತಿಳಿಯುತ್ತಿರಲಿಲ್ಲ.

ಇಷ್ಟಾದ ಮೇಲೆ ಮಿದುಳಿನಲ್ಲಿ ಎರಡು ಡ್ರಾಯರ್ ಇದೆ, ಒಂದರಲ್ಲಿ ಮಾತು, ಇನ್ನೊಂದರಲ್ಲಿ ಅರ್ಥ ಅಂತ ಹೇಳಿ ಮುಗಿಸಬಹುದಿತ್ತು. ಬಹಳ ಕಾಲ ಹಾಗೇ ಪಾಠ ಮಾಡಿದರು, ನಾನೂ ಹಾಗೇ ಕಲಿತೆ. ಅದು ಪೂರ್ತಿ ನಿಜವಲ್ಲ. ಲೆಬೋರ್ನ್ಯನ ಮಿದುಳನ್ನು ಪ್ಯಾರಿಸ್‌ನಲ್ಲಿ ಕಾಪಾಡಿಟ್ಟಿದ್ದರು. ಅದನ್ನು ಸ್ಕ್ಯಾನ್ ಮಾಡಿ 2007ರಲ್ಲಿ ಪ್ರಕಟಿಸಿದಾಗ ಗೊತ್ತಾಗಿದ್ದು, ಏಟು ಬ್ರೋಕಾ ಕಂಡದ್ದಕ್ಕಿಂತ ಒಳಗೆ, ಬಹಳ ಆಳಕ್ಕೆ ಇಳಿದಿತ್ತು ಅಂತ. ಒಂದೊಂದು ಜಾಗಕ್ಕಿಂತ ಆ ಜಾಗಗಳನ್ನು ಜೋಡಿಸುವ ತಂತಿಗಳೇ ಮುಖ್ಯ ಅಂತ ಈಗ ಜಾಸ್ತಿ ಜನ ಒಪ್ಪುತ್ತಾರೆ. ಹಾಡು, ಎಣಿಕೆ, ಮಗ್ಗಿ, ಬೈಗುಳ, ಇವೆಲ್ಲ ಕಟ್ಟುಮೂಟೆಯ ಹಾಗೆ ಇಡಿಯಾಗಿ ಹೊರಗೆ ಬರುತ್ತವೆ. 'ನೀರು ಬೇಕು' ಅನ್ನೋದನ್ನು ಆಗಿಂದಾಗ್ಗೆ ಹೊಸದಾಗಿ ಕಟ್ಟಬೇಕು. ದೊಡ್ಡಪ್ಪನಲ್ಲಿ ಹಾಳಾಗಿದ್ದು ಆ ಕಟ್ಟುವ ಕೆಲಸ. ಅಂದ ಹಾಗೆ, ಬೈಗುಳವೂ ಅವರಿಗೆ ಚೆನ್ನಾಗಿ ಬರುತ್ತಿತ್ತು. ಮನೆಯವರು ಅದನ್ನು ಡಾಕ್ಟರಿಗೆ ಹೇಳಿರಲಿಲ್ಲ, ಮರ್ಯಾದೆಗೆ ಅಂಜಿ.

ಇನ್ನೊಂದು ಸಂಗತಿ ನನಗೆ ಇದಕ್ಕಿಂತ ದೊಡ್ಡದು ಅನಿಸುತ್ತದೆ. ಹುಟ್ಟಿನಿಂದ ಕಿವಿ ಕೇಳದೆ ಕೈ ಸನ್ನೆಯಲ್ಲೇ ಬೆಳೆದವರಿದ್ದಾರೆ. ಅವರ ಎಡ ಮಿದುಳಿಗೆ ಏಟಾದರೆ ಸನ್ನೆಭಾಷೆ ಹೋಗುತ್ತದೆ. ಚೆನ್ನಾಗಿರುವ ಕೈ ಲೋಟ ಹಿಡಿಯುತ್ತದೆ, ಗುಂಡಿ ಹಾಕುತ್ತದೆ, ಸನ್ನೆಯ ವಾಕ್ಯ ಮಾತ್ರ ಕಟ್ಟಲಾರದು. ಅಂದರೆ ಆ ಜಾಗ ನಾಲಿಗೆಗೆ ಮೀಸಲಾದದ್ದಲ್ಲ, ಭಾಷೆಗೆ ಮೀಸಲು. ಬಾಯಿಂದ ಬರಲಿ, ಕೈಯಿಂದ ಬರಲಿ, ಮಿದುಳಿಗೆ ಎರಡೂ ಭಾಷೆಯೇ. ಕೈ ಸನ್ನೆ ಮಾಡುವವರನ್ನು ನೋಡಿ 'ಪಾಪ, ಮಾತು ಬರಲ್ಲ' ಅನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಗಂಟಲಿನ ವಿಷಯ ಬೇಗ ಹೇಳಿಬಿಡುತ್ತೇನೆ. ನಮ್ಮ ಧ್ವನಿಪೆಟ್ಟಿಗೆ ಕತ್ತಿನಲ್ಲಿ ಕೆಳಗಿದೆ. ಅದಕ್ಕೇ ಅನ್ನದ ದಾರಿ, ಉಸಿರಿನ ದಾರಿ ಒಂದನ್ನೊಂದು ದಾಟುತ್ತವೆ. ಊಟ ಮಾಡುವಾಗ ನೆತ್ತಿಗೆ ಹತ್ತುತ್ತದೆ, ಅಜ್ಜಿ ತಲೆ ತಟ್ಟಿ 'ಯಾರೋ ನೆನೆಸಿಕೊಂಡರು' ಅನ್ನುತ್ತಾರೆ. ಮಾತಿಗಾಗಿ ನಾವು ತೆತ್ತ ಬೆಲೆ ಇದು ಅಂತ ಮೊದಲು ಹೇಳುತ್ತಿದ್ದರು. ಆಮೇಲೆ 2001ರಲ್ಲಿ ಯುರೋಪಿನ ಒಂದು ಜಾತಿಯ ಗಂಡು ಜಿಂಕೆಗೂ ಧ್ವನಿಪೆಟ್ಟಿಗೆ ಕೆಳಗೇ ಇದೆ ಅಂತ ಗೊತ್ತಾಯಿತು. ಅದು ಗರ್ಜಿಸುತ್ತದೆ ಅಷ್ಟೇ, ಭಾಷಣ ಮಾಡಲ್ಲ. 2016ರಲ್ಲಿ ಮಕಾಕ್ ಜಾತಿಯ ಮಂಗಗಳ ಬಾಯಿ ಗಂಟಲನ್ನು ಎಕ್ಸ್‌ರೇ ವಿಡಿಯೋದಲ್ಲಿ ಅಳೆದರು. ಮುಳ್ಳಯ್ಯನಗಿರಿ ದಾರಿಯಲ್ಲಿ ನಿಮ್ಮ ಕೈಯಿಂದ ಚಿಪ್ಸ್ ಕಿತ್ತುಕೊಳ್ಳುವ ಕೋತಿಯ ದಾಯಾದಿಗಳೇ ಅವು. ಆ ಗಂಟಲಿಗೆ ಅರ್ಥವಾಗುವಂಥ ಮಾತಾಡುವಷ್ಟು ಸಾಮರ್ಥ್ಯ ಇದೆ ಅಂತ ಲೆಕ್ಕ ಹಾಕಿದರು. ಕೊರತೆ ಗಂಟಲಿನಲ್ಲಿಲ್ಲ, ಅದನ್ನು ಆಡಿಸುವ ಮಿದುಳಿನಲ್ಲಿ.

ಹಾಗಾದರೆ ಕೋತಿಗೆ ಭಾಷೆ ಇಲ್ವಾ? ಭದ್ರಾ ಕಾಡಿನ ಕಡೆಯವರು ಇದಕ್ಕೆ ತಕ್ಷಣ ಉತ್ತರ ಕೊಡುತ್ತಾರೆ. ಮರದ ಮೇಲಿನ ಮುಸುವ ಕೆಮ್ಮಿದ ಹಾಗೆ ಕೂಗಿದರೆ ಹುಲಿಯೋ ಚಿರತೆಯೋ ಹತ್ತಿರ ಇದೆ ಅಂತ ಲೆಕ್ಕ. ಕೆಳಗಿನ ಜಿಂಕೆಗಳೂ ಕಿವಿ ನಿಮಿರಿಸುತ್ತವೆ. ಆಫ್ರಿಕದ ವರ್ವೆಟ್ ಎಂಬ ಮಂಗಗಳು ಚಿರತೆಗೆ ಒಂದು ಕೂಗು, ಹದ್ದಿಗೆ ಇನ್ನೊಂದು, ಹಾವಿಗೆ ಮತ್ತೊಂದು ಕೂಗುತ್ತವೆ ಅಂತ 1980ರಲ್ಲಿ ತೋರಿಸಿದರು. ಕೂಗನ್ನು ರೆಕಾರ್ಡ್ ಮಾಡಿ ಕೇಳಿಸಿದರೆ, ಹದ್ದಿನ ಕೂಗಿಗೆ ಮೇಲೆ ನೋಡುತ್ತವೆ, ಹಾವಿನ ಕೂಗಿಗೆ ಎದ್ದು ನಿಂತು ಕೆಳಗೆ ನೋಡುತ್ತವೆ.

ಸಣ್ಣ ಸಂಗತಿಯಲ್ಲ ಇದು. ಆದರೂ ಆ ಕೂಗಿನಲ್ಲಿ ಒಂದು ಇಲ್ಲ. 'ಅಂತೆ' ಇಲ್ಲ.

ನಮ್ಮ ಎಸ್ಟೇಟಿನ ಕೆಲಸದವರು ಸಾಲಾಗಿ ವಾಸಿಸುವ ಲೈನ್ ಮನೆಗಳಲ್ಲಿ ಬೆಳಗಾಗೆದ್ದು ಸುದ್ದಿ ಹೇಗೆ ಹರಡುತ್ತದೆ? 'ನಿನ್ನೆ ರಾತ್ರಿ ಕಣದ ಹತ್ತಿರ ಚಿರತೆ ಬಂದಿತ್ತಂತೆ.' ಆ ಒಂದು ಬಾಲದಲ್ಲಿ ಎಷ್ಟು ವಿಷಯ ಇದೆ ನೋಡಿ. ನಾನು ಕಂಡಿಲ್ಲ. ಬೇರೆ ಯಾರೋ ಕಂಡರು, ಇಲ್ಲವೇ ಕಂಡೆವು ಅಂದರು. ನಾನು ಸುಮ್ನೆ ದಾಟಿಸುತ್ತಿದ್ದೇನೆ, ಸುಳ್ಳಾದರೆ ನನ್ನ ಮೇಲೆ ಬರಬೇಡಿ. ಚಿರತೆ ಈಗ ಇಲ್ಲಿಲ್ಲ, ಕಂಡವನೂ ಇಲ್ಲಿಲ್ಲ, ಆ ರಾತ್ರಿಯೂ ಮುಗಿದಿದೆ. ಆದರೂ ಕೇಳಿದವರ ಎದೆ ಡವಗುಟ್ಟುತ್ತದೆ. ಮುಸುವ 'ಚಿರತೆ!' ಅನ್ನಬಲ್ಲದು. 'ಚಿರತೆ ಬಂದಿತ್ತಂತೆ' ಅನ್ನಲಾರದು.

ಇನ್ನೂ ಮುಂದೆ ಹೋಗಬಹುದು. 'ಚಿರತೆ ಬಂದಿತ್ತು ಅಂತ ಮೇಸ್ತ್ರಿ ಹೇಳಿದ ಅಂತ ರೈಟರ್ ಅಂದರಂತೆ.' ಡಬ್ಬಿಯೊಳಗೆ ಡಬ್ಬಿ. ಎಷ್ಟು ಬೇಕಾದರೂ ಸೇರಿಸುತ್ತಾ ಹೋಗಿ, ಉಸಿರು ಮುಗಿಯಬಹುದು, ವಾಕ್ಯ ಮುಗಿಯಬೇಕಿಲ್ಲ. ಕೈಬೆರಳೆಣಿಕೆಯ ನಿಯಮದಲ್ಲಿ ಲೆಕ್ಕವಿಲ್ಲದಷ್ಟು ವಾಕ್ಯ ಕಟ್ಟುವುದು, ಅದೇ ಭಾಷೆಯ ಬೆನ್ನೆಲುಬು ಅಂತ ಅಮೆರಿಕದ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ 1950ರ ದಶಕದಿಂದ ಹೇಳುತ್ತಾ ಬಂದರು. ನನಗೆ ಅದರ ಜೊತೆಗೆ ಇನ್ನೊಂದು ಸೇರಿಸಬೇಕು ಅನಿಸುತ್ತದೆ. ಬೇರೆಯವರ ತಲೆಯಲ್ಲಿ ಏನಿದೆ, ಅವರಿಗೆ ಏನು ಗೊತ್ತು, ಏನು ಗೊತ್ತಿಲ್ಲ ಅನ್ನುವ ಅಂದಾಜು ಇಲ್ಲದಿದ್ದರೆ 'ಅಂತೆ' ಹುಟ್ಟುವುದೇ ಇಲ್ಲ. ನನ್ನ ಮೊಮ್ಮಗಳು ಮೂರು ತುಂಬುವ ಮೊದಲೇ ಬೊಂಬೆಯನ್ನು ಸೊಂಟಕ್ಕೆ ಎತ್ತಿಕೊಂಡು ಬಂದು 'ಪಾಪುಗೆ ಹಸಿವಂತೆ' ಅಂದಳು. ಬೊಂಬೆ ಅವಳ ಕಿವಿಯಲ್ಲಿ ಹೇಳಿತ್ತು, ಅವಳು ನನಗೆ ದಾಟಿಸಿದಳು. ಬಿಸ್ಕತ್ತು ಕೇಳುವ ಉಪಾಯ ಅಂತ ನನಗೂ ಗೊತ್ತು, ಬಿಡಿ.

ಚಿಂಪಾಂಜಿಗೆ ಸನ್ನೆ ಕಲಿಸುವ ಪ್ರಯತ್ನಗಳೂ ನಡೆದವು. ಅಮೆರಿಕದಲ್ಲಿ 1973ರಲ್ಲಿ ಹುಟ್ಟಿದ ಒಂದು ಮರಿಗೆ ಚಾಮ್‌ಸ್ಕಿಯವರನ್ನೇ ಅಣಕಿಸಿ ನಿಮ್ ಚಿಂಪ್‌ಸ್ಕಿ ಅಂತ ಹೆಸರಿಟ್ಟರು. ಮನೆಯ ಮಗುವಿನ ಹಾಗೆ ಸಾಕಿ ನೂರಕ್ಕೂ ಹೆಚ್ಚು ಸನ್ನೆ ಕಲಿಸಿದರು. ಅದು ಹೇಳಿದ್ದರಲ್ಲೆಲ್ಲ ಉದ್ದವಾದ ಮಾತನ್ನು ಕನ್ನಡದಲ್ಲಿ ಹೇಳಿದರೆ ಹೀಗಿದೆ: 'ಕೊಡು ಕಿತ್ತಳೆ ನಾನು ಕೊಡು ತಿನ್ನು ಕಿತ್ತಳೆ ನಾನು ತಿನ್ನು ಕಿತ್ತಳೆ ಕೊಡು ನಾನು ತಿನ್ನು ಕಿತ್ತಳೆ ಕೊಡು ನಾನು ನೀನು.' ಹದಿನಾರು ಸನ್ನೆ, ವಿಷಯ ಒಂದೇ. ಆ ಪ್ರಯೋಗ ನಡೆಸಿದ ಹರ್ಬರ್ಟ್ ಟೆರೇಸ್ ಅವರೇ 1979ರಲ್ಲಿ ಇದು ವಾಕ್ಯವಲ್ಲ ಅಂತ ಒಪ್ಪಿಕೊಂಡರು. ತಾವೇ ಕಷ್ಟಪಟ್ಟು ಬೆಳೆಸಿದ್ದನ್ನು ತಾವೇ ಇಲ್ಲ ಅನ್ನೋದು ಸುಲಭವಲ್ಲ. ನನಗೆ ಅವರ ಮೇಲೆ ಗೌರವ.

ಈಗ ಮಗುವಿನ ವಿಷಯ. ಇದು ನನಗೆ ಇಷ್ಟದ ಭಾಗ, ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ.

ಹೊಟ್ಟೆಯಲ್ಲಿರುವಾಗಲೇ, ಆರು ತಿಂಗಳ ಸುಮಾರಿಗೆ, ಕಿವಿ ಕೆಲಸ ಶುರು ಮಾಡುತ್ತದೆ. ಹುಟ್ಟಿದ ಎರಡು ಮೂರು ದಿನಕ್ಕೇ ಕೂಸು ಬೇರೆ ಹೆಂಗಸರ ದನಿಗಿಂತ ತಾಯಿಯ ದನಿಯನ್ನು ಬಯಸುತ್ತದೆ. 1980ರಲ್ಲಿ ಇದನ್ನು ಪರೀಕ್ಷಿಸಿದ ರೀತಿ ಚೆನ್ನಾಗಿದೆ. ಕೂಸು ನಿಪ್ಪಲ್ ಚೀಪುವ ಲಯ ಬದಲಾದ ಹಾಗೆ ಟೇಪಿನಲ್ಲಿ ತಾಯಿಯ ದನಿಯೋ ಬೇರೆಯವರ ದನಿಯೋ ಕೇಳಿಸುವಂತೆ ಮಾಡಿದರು. ಕೂಸುಗಳು ಅಮ್ಮನ ದನಿ ಬರುವ ಹಾಗೆ ಚೀಪಿದವು!

ಆಮೇಲೆ ಟ ಮತ್ತು ತ. ಇಂಗ್ಲಿಷ್ ಮನೆಮಾತಿನ ದೊಡ್ಡವರಿಗೆ 'ಟ', 'ತ' ಎರಡೂ ಒಂದೇ ಥರ ಕೇಳಿಸುತ್ತವೆ. 1984ರಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಇಂಗ್ಲಿಷ್ ಮನೆಯ ಕೂಸುಗಳಿಗೆ ಹಿಂದಿಯ ಟ, ತ ಕೇಳಿಸಿದರು. ಆರರಿಂದ ಎಂಟು ತಿಂಗಳ ಕೂಸುಗಳು ವ್ಯತ್ಯಾಸ ಹಿಡಿದವು. ಹತ್ತರಿಂದ ಹನ್ನೆರಡು ತಿಂಗಳ ಕೂಸುಗಳಲ್ಲಿ ಹೆಚ್ಚಿನವಕ್ಕೆ ಅದು ಆಗಲಿಲ್ಲ. ಅಷ್ಟರೊಳಗೆ ಕಿವಿ ಮನೆಮಾತಿಗೆ ಒಗ್ಗಿಬಿಟ್ಟಿರುತ್ತದೆ, ಬೇಡದ್ದನ್ನು ಬಿಟ್ಟಿರುತ್ತದೆ. ನಾವು ನಗುವ ಹಾಗಿಲ್ಲ. ಇಂಗ್ಲಿಷಿನಲ್ಲಿ ಎರಡು 'ವ' ಇದೆ. ಒಂದಕ್ಕೆ ಹಲ್ಲು ತುಟಿಗೆ ತಾಗಬೇಕು, ಇನ್ನೊಂದಕ್ಕೆ ತುಟಿ ದುಂಡಗಾಗಬೇಕು. ಬನಿಯನ್ನಿಗೆ ಹೇಳುವ 'ವೆಸ್ಟ್', ಪಶ್ಚಿಮಕ್ಕೆ ಹೇಳುವ 'ವೆಸ್ಟ್', ನೋಡಿ, ನನಗೆ ಬೇರೆ ಮಾಡಿ ಹೇಳೋಕೂ ಬರಲ್ಲ, ಬರೆಯೋಕೂ ಆಗಲ್ಲ.

ನಾವು ಮಾತಾಡುವಾಗ ಪದದ ಮಧ್ಯೆ ಜಾಗ ಬಿಡುವುದಿಲ್ಲ. 'ಬಾಪುಟ್ಟಹಾಲುಕುಡಿ' ಅಂತ ಒಂದೇ ಧಾರೆ. ಮಗು ಎಲ್ಲಿ ಕತ್ತರಿಸುತ್ತದೆ? 'ಹಾ' ಆದ ಮೇಲೆ 'ಲು' ಬರುವುದು ಅದಕ್ಕೆ ದಿನವೂ ಕೇಳಿಸುತ್ತದೆ. 'ಲು' ಆದ ಮೇಲೆ ಏನು ಬೇಕಾದರೂ ಬರಬಹುದು. ಈ ಲೆಕ್ಕವನ್ನು ಮಗು ಒಳಗೊಳಗೇ ಇಡುತ್ತದೆ. 1996ರಲ್ಲಿ ಎಂಟು ತಿಂಗಳ ಕೂಸುಗಳಿಗೆ ಅರ್ಥವಿಲ್ಲದ ಪದಗಳ ಧಾರೆಯನ್ನು ಎರಡೇ ನಿಮಿಷ ಕೇಳಿಸಿದರು. ಅಷ್ಟರಲ್ಲಿ ಯಾವುದು ಪದ, ಯಾವುದು ಪದದ ಅಂಚು ಅಂತ ಅವು ಗುರುತಿಸತೊಡಗಿದ್ದವು. ಪದವೇ ಬಾರದ ಕೂಸು!

ಆಮೇಲೆ ತಪ್ಪುಗಳು. ಮಕ್ಕಳ ತಪ್ಪುಗಳಷ್ಟು ಬೆಲೆಬಾಳುವ ವಸ್ತು ನಮ್ಮ ಕಸುಬಿನಲ್ಲಿ ಇನ್ನೊಂದಿಲ್ಲ. ಮೊಮ್ಮಗಳು ಒಂದಿನ 'ನಾನು ಅವನಿಗೆ ಕೊಡಿದೆ' ಅಂದಳು. ಮನೆಯಲ್ಲಿ ಯಾರೂ 'ಕೊಡಿದೆ' ಅನ್ನಲ್ಲ. ಕೇಳಿ ಕಲಿತದ್ದಲ್ಲ. ಮಾಡು–ಮಾಡಿದೆ, ನೋಡು–ನೋಡಿದೆ, ಓಡು–ಓಡಿದೆ, ಹಾಗಾದರೆ ಕೊಡು–ಕೊಡಿದೆ. ಒಳಗೆ ಒಂದು ನಿಯಮ ಕೂತಿದೆ. ಅವರಮ್ಮ ತಿದ್ದಿದಳು: 'ಕೊಟ್ಟೆ ಅನ್ನು.' ಮಗು ತಲೆ ಆಡಿಸಿ, 'ಹೂಂ, ಕೊಡಿದೆ' ಅಂತು.

ಇದಕ್ಕೆ ಇನ್ನೊಂದು ಕೊಂಡಿ ಇದೆ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ನಿಮಗೆಲ್ಲ ಗೊತ್ತು. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಕ್ರಿ.ಶ. 450ರ ಆಸುಪಾಸಿನದು ಅಂತ ಎಣಿಸುತ್ತಾರೆ. ಅದರಲ್ಲಿ 'ಕೊಟ್ಟಾರ್' ಅಂತ ಇದೆ. ಅಂದರೆ ಈ ಸೊಟ್ಟ ರೂಪ ಹದಿನೈದು ಶತಮಾನದಿಂದ ಹಾಗೇ ನಡೆದು ಬಂದಿದೆ. ನನ್ನ ಮೊಮ್ಮಗಳು ಅದನ್ನು ನೆಟ್ಟಗೆ ಮಾಡಲು ಹೊರಟಿದ್ದಳು! ಅವಳೂ ಸೋತಳು. ನಾಲ್ಕು ತುಂಬುವಷ್ಟರಲ್ಲಿ 'ಕೊಟ್ಟೆ' ಅನ್ನತೊಡಗಿದಳು.

ಎಲ್ಲ ಕಡೆ ಹಳೆಯದೇ ಗೆಲ್ಲುತ್ತದೆ ಅಂತಲ್ಲ. ಅದೇ ಕಲ್ಲಿನಲ್ಲಿ ಊರಿನ ಹೆಸರು 'ಹಲ್' ಅಂತ ಅಲ್ಲ, 'ಪಲ್' ಅಂತ ಶುರುವಾಗುತ್ತದೆ. ಪಾಲು ಹಾಲಾಯಿತು, ಪೂವು ಹೂವಾಯಿತು. ತುಟಿ ಪೂರ್ತಿ ಮುಚ್ಚುವ ಶ್ರಮ ತಪ್ಪಿತು. ನಮ್ಮ ಕಡೆ ಹಳ್ಳಿಗಳಲ್ಲಿ ಆ 'ಹ'ವನ್ನೂ ಬಿಟ್ಟು 'ಆಲು', 'ಊವು' ಅನ್ನುತ್ತಾರೆ. ಹಾಸನದ ಬಸ್ಸನ್ನು 'ಆಸ್ನ, ಆಸ್ನ' ಅಂತ ಕೂಗುತ್ತಾರೆ. ಪೇಟೆಯವರಿಗೆ ನಗು. ಪ ಹೋಗಿ ಹ ಆದಾಗ ಯಾರು ನಕ್ಕರೋ ಯಾರಿಗೆ ಗೊತ್ತು? ಕಲ್ಲಿನಲ್ಲಿ ೞ ಅಕ್ಷರವೂ ಇದೆ. ನಮ್ಮ ಬಾಯಿಂದ ಅದು ಎಂದೋ ಹೋಯಿತು. ನಾನು ಚಿಕ್ಕವಳಿದ್ದಾಗ ಲೈನ್ ಮನೆಯ ತಮಿಳು ಅಜ್ಜಿಯೊಬ್ಬರು ನಾಲಿಗೆ ಮಡಿಚಿ 'ಪೞಂ' ಅನ್ನುತ್ತಿದ್ದರು. ಹಲ್ಮಿಡಿಯ ಕಲ್ಲಿನಲ್ಲಿರುವ ದನಿ, ನಮ್ಮ ಕಾಫಿ ತೋಟದಲ್ಲಿ.

ಬರಹವನ್ನು ಮಾತಿನ ಜೊತೆ ಕಲಸಬೇಡಿ. ನಮ್ಮ ಮನುಷ್ಯ ಕುಲ ಮೂರು ಲಕ್ಷ ವರ್ಷದಷ್ಟು ಹಳೆಯದು. ಬರಹಕ್ಕೆ ಐದು ಸಾವಿರ ಚಿಲ್ಲರೆ ವರ್ಷ, ಅಷ್ಟೇ. ಅದಕ್ಕೇ ಓದು ಬರಹವನ್ನು ಕೂರಿಸಿ, ತಿದ್ದಿಸಿ ಕಲಿಸಬೇಕು. ಮಾತಿಗೆ ಹಾಗಿಲ್ಲ. ತರೀಕೆರೆ, ಕಡೂರು ಕಡೆಯ ತಾಂಡಾಗಳ ಲಂಬಾಣಿಗೆ ಸ್ವಂತ ಲಿಪಿ ಇಲ್ಲ. ಆದರೆ ಅದರ ವ್ಯಾಕರಣ ಯಾವ ಭಾಷೆಗೂ ಕಡಿಮೆಯದಲ್ಲ.

ಇಷ್ಟೆಲ್ಲ ಮಗು ತಾನೇ ಮಾಡುತ್ತದೆ ಅಂದ ಮೇಲೆ ನಾವು ಏನು ಮಾಡಬೇಕು? ಇಲ್ಲಿಗೇ ಬರಬೇಕಿತ್ತು ನಾನು.

ನಿಮ್ಮಲ್ಲಿ ಅರ್ಧ ಜನ ಬೆಳೆಗಾರರು. ಕಾಫಿ ಮೊಗ್ಗು ಗಿಡದಲ್ಲಿ ಮೊದಲೇ ಕೂತಿರುತ್ತದೆ. ನೀವು ಅದನ್ನು ಮಾಡುವುದಿಲ್ಲ. ಆದರೆ ಹೂಮಳೆ ಬೀಳಬೇಕು. ಬಿದ್ದರೆ ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗೆ. ಆ ಮಳೆ ತಪ್ಪಿ ಜೂನ್‌ನಲ್ಲಿ ಎಷ್ಟು ಸುರಿದರೂ ಆ ವರ್ಷದ ಹೂವು ಸಿಗಲ್ಲ. ಮೊಗ್ಗು ಗಿಡದ್ದು, ಸಮಯ ಮಳೆಯದ್ದು. ಮಾತೂ ಹಾಗೇ. ಎರಿಕ್ ಲೆನ್ನೆಬರ್ಗ್ ಎಂಬ ವಿಜ್ಞಾನಿ 1967ರಲ್ಲಿ ಈ ಸಮಯದ ಮಾತನ್ನು ಗಟ್ಟಿಯಾಗಿ ಹೇಳಿದರು. ಮೊದಲ ಭಾಷೆ ಬೇರು ಬಿಡಲು ಬಾಲ್ಯದಲ್ಲಿ ಒಂದು ಅವಧಿ ಇದೆ, ಅದು ಮುಗಿದ ಮೇಲೆ ಕಷ್ಟ. ಅವರು ಹರೆಯದವರೆಗೆ ಅಂತ ಗೆರೆ ಎಳೆದಿದ್ದರು. ನನ್ನ ಅನುಭವ ಕೇಳಿದರೆ ಅಷ್ಟು ದಿನ ಕಾಯುವ ಹಾಗೇ ಇಲ್ಲ.

ಇದಕ್ಕೆ ಸಾಕ್ಷಿ ಅಂತ ಎಲ್ಲರೂ ಲಾಸ್ ಏಂಜಲೀಸ್‌ನಲ್ಲಿ 1970ರಲ್ಲಿ ಸಿಕ್ಕ, ಕೋಣೆಯಲ್ಲಿ ಕೂಡಿಹಾಕಿದ್ದ ಹದಿಮೂರು ವರ್ಷದ ಹುಡುಗಿಯ ಕಥೆ ಹೇಳುತ್ತಾರೆ. ನನಗೆ ಅದು ಅಷ್ಟು ಒಪ್ಪಿಗೆಯಿಲ್ಲ. ಆ ಮಗುವಿಗೆ ತಪ್ಪಿದ್ದು ಮಾತೊಂದೇ ಅಲ್ಲ. ಅನ್ನ, ಬಿಸಿಲು, ಪ್ರೀತಿ ಎಲ್ಲವೂ ತಪ್ಪಿತ್ತು.

ಮಧ್ಯ ಅಮೆರಿಕದ ನಿಕರಾಗುವಾ ದೇಶದ ಕಥೆ ಬೇರೆ. ಅಲ್ಲಿ ಕಿವಿ ಕೇಳದ ಮಕ್ಕಳು ಮೊದಲು ಅವರವರ ಮನೆಯಲ್ಲೇ ಇದ್ದರು. 1977ರ ನಂತರ ಮನಾಗುವಾ ನಗರದಲ್ಲಿ ಶಾಲೆ ತೆರೆದು ಅವರನ್ನು ಒಟ್ಟಿಗೆ ಸೇರಿಸಿದರು. ಮೇಷ್ಟ್ರುಗಳು ತುಟಿ ನೋಡಿ ಸ್ಪ್ಯಾನಿಷ್ ಕಲಿಯಿರಿ ಅಂತ ಪಾಠ ಮಾಡಿದರು. ಅದು ಹತ್ತಲಿಲ್ಲ. ಆದರೆ ಆಟದ ಬಯಲಿನಲ್ಲಿ, ಬಸ್ಸಿನಲ್ಲಿ, ಮಕ್ಕಳು ಮನೆಮನೆಯ ಸನ್ನೆಗಳನ್ನು ಒಟ್ಟು ಹಾಕಿ ಆಡತೊಡಗಿದರು. ಮೊದಲ ತಂಡದ್ದು ಹರಕು ಮುರುಕು. ಆಮೇಲೆ ಬಂದ ಚಿಕ್ಕ ಮಕ್ಕಳು ಅದನ್ನೇ ನೋಡಿ ಬೆಳೆದು, ದೊಡ್ಡವರಿಗಿಂತ ಚೊಕ್ಕವಾದ ವ್ಯಾಕರಣ ಕಟ್ಟಿದರು. ಯಾರೂ ಕಲಿಸದ ಒಂದು ಹೊಸ ಭಾಷೆ, ನಮ್ಮ ಕಾಲದಲ್ಲೇ ಹುಟ್ಟಿತು. ಎರಡು ಬೇಕಾಯಿತು: ಜೊತೆ ಮತ್ತು ಎಳೆಯ ವಯಸ್ಸು.

ಈಗ ನಮ್ಮ ಊರಿನ ಮಾತು. ಸಾವಿರ ಕೂಸುಗಳಲ್ಲಿ ಒಂದೋ ಎರಡೋ, ಕೆಲವು ಕಡೆ ಅದಕ್ಕಿಂತ ಜಾಸ್ತಿ, ಹುಟ್ಟುವಾಗಲೇ ಕಿವಿ ಸರಿಯಾಗಿ ಕೇಳದವು. ನನ್ನ ಹತ್ತಿರ ಒಬ್ಬ ಹುಡುಗ ಒಂಬತ್ತನೇ ವಯಸ್ಸಿಗೆ ಬಂದ. ಚುರುಕು. ಸೈಕಲ್ ರಿಪೇರಿ ಮಾಡುತ್ತಿದ್ದ. ಅಷ್ಟು ವರ್ಷ ಅವನಿಗೆ ಯಾವ ಭಾಷೆಯೂ ಇರಲಿಲ್ಲ, ಬಾಯಿಯದ್ದೂ ಇಲ್ಲ, ಕೈಯದ್ದೂ ಇಲ್ಲ. ಎರಡು ವರ್ಷದವನಿದ್ದಾಗ ಅವನ ತಾಯಿ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಹಿಂದಿನಿಂದ ಚಪ್ಪಾಳೆ ತಟ್ಟಿದರು, ಮಗು ತಿರುಗಿತು, 'ಕಿವಿ ಸರಿ ಇದೆ, ಗಂಡು ಮಕ್ಕಳು ತಡವಾಗಿ ಮಾತಾಡ್ತಾರೆ' ಅಂತ ಕಳಿಸಿದರು. ಮನೆಯಲ್ಲಿ ಅಜ್ಜಿ ಸ್ಟೀಲ್ ತಟ್ಟೆ ಬೀಳಿಸಿ ನೋಡಿದರು, ಆಗಲೂ ತಿರುಗಿತು. ನೆಲದ ಅದುರು ಕಾಲಿಗೆ ತಾಗುತ್ತದೆ. ಕೈ ಆಡಿದರೆ ನೆರಳು ಕಾಣುತ್ತದೆ. ಚುರುಕು ಮಗು ಕಣ್ಣಿನಿಂದಲೇ ಎಲ್ಲವನ್ನೂ ಹಿಡಿಯುತ್ತದೆ. ನನ್ನ ಹತ್ತಿರ ಮೂರು ವರ್ಷ ಬಂದ. ಪದಗಳು ಬಂದವು. ವಾಕ್ಯ ಬರಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಕೂಸು ಮಲಗಿದ್ದಾಗಲೇ ಕಿವಿ ಪರೀಕ್ಷೆ ಮಾಡಬಹುದು. ಕಿವಿಗೆ ಸಣ್ಣ ಬಿರಡೆಯಂಥದ್ದು ಇಟ್ಟು ಕೆಲವು ನಿಮಿಷದಲ್ಲಿ ಮಾಡುವುದು ಒಂದು, ತಲೆಗೆ ತಂತಿ ಅಂಟಿಸಿ ಮಾಡುವ ಬೇರಾ ಇನ್ನೊಂದು. ನೋವಿಲ್ಲ. ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಉಪಾಯ ಶುರು. ಇದು ನಮ್ಮ ಕಸುಬಿನ ಲೆಕ್ಕ. ಮಳೆ ಬರದಿದ್ದರೆ ರೊಬಸ್ಟಾ ಕಾಫಿಗೆ ನೀವು ಸ್ಪ್ರಿಂಕ್ಲರ್ ಹಾಕ್ತೀರಿ, ಅಲ್ವಾ? ಮೇ ಮುಗಿಯಲಿ ನೋಡೋಣ ಅಂತ ಕೂರಲ್ಲ. ಹಿಯರಿಂಗ್ ಏಡ್, ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್, ಸನ್ನೆಭಾಷೆ ಎಲ್ಲವೂ ಸ್ಪ್ರಿಂಕ್ಲರ್‌ಗಳೇ. ಸನ್ನೆ ಕಲಿತರೆ ಮಾತು ಬರಲ್ಲ ಅನ್ನುವವರ ಮಾತು ಕೇಳಬೇಡಿ. ಮಿದುಳಿಗೆ ಬೇಕಾದದ್ದು ಒಂದು ಭಾಷೆ, ಬೇಗ.

ಇಲ್ಲಿಗೆ ಕರೆಂಟ್ ಹೋಯಿತು. ಪ್ರಶ್ನೆಗಳು ಕತ್ತಲಲ್ಲೇ ನಡೆದವು.

ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಆದರೆ ಮಗುವಿಗೆ ಗೊಂದಲ ಆಗಲ್ವಾ ಅಂತ ಒಬ್ಬರು ಕೇಳಿದರು. ಎಸ್ಟೇಟಿನ ಲೈನ್ ಮನೆಗೆ ಹೋಗಿ ನೋಡಿ ಅಂದೆ. ಅಮ್ಮನ ಜೊತೆ ತಮಿಳು, ಪಕ್ಕದ ಮನೆಯವರ ಜೊತೆ ತುಳು, ಅಂಗಡಿಯಲ್ಲಿ ಕನ್ನಡ, ಐದು ವರ್ಷಕ್ಕೇ. ಮಿದುಳಿಗೆ ಭಾಷೆ ಭಾರವಲ್ಲ. ಅಪ್ಪ ಅಮ್ಮ ತಮಗೇ ಸರಿಯಾಗಿ ಬಾರದ ಇಂಗ್ಲಿಷಿನಲ್ಲಿ ಮಗುವಿನ ಜೊತೆ ನಾಲ್ಕೇ ವಾಕ್ಯ ಆಡಿ ಸುಮ್ಮನಾಗುತ್ತಾರಲ್ಲ, ಅದು ತೊಂದರೆ. ಬರುವ ಭಾಷೆಯಲ್ಲಿ ಹೊಟ್ಟೆ ತುಂಬ ಮಾತಾಡಿ.

ಮಾತಿಗೆ ಒಂದು ಜೀನ್ ಇದೆಯಂತೆ ಹೌದಾ ಅಂತ ಕಾಲೇಜು ಹುಡುಗ ಕೇಳಿದ. ಲಂಡನ್ನಿನ ಒಂದು ಕುಟುಂಬದಲ್ಲಿ ಮೂರು ತಲೆಮಾರಿನ ಅರ್ಧದಷ್ಟು ಜನಕ್ಕೆ ಮಾತು ಕಷ್ಟವಾಗಿತ್ತು. 2001ರಲ್ಲಿ ಅದರ ಕಾರಣವಾದ ಜೀನ್ ಸಿಕ್ಕಿತು, ಫಾಕ್ಸ್‌ಪಿ2 ಅಂತ. ಆದರೆ ಅದು ಇಲಿಗೂ ಇದೆ, ಹಕ್ಕಿಗೂ ಇದೆ. ಮಾತಿನ ಜೀನ್ ಅಂತ ಪೇಪರಿನವರು ಬರೆದರು. ಮಾತಿಗೂ ಬೇಕಾದ ಒಂದು ಜೀನ್ ಅನ್ನೋದು ಸರಿ.

ಸಕಲೇಶಪುರದಿಂದ ಬಂದಿದ್ದ ಬೆಳೆಗಾರರೊಬ್ಬರು, 'ಆನೆ ಮಾತಾಡುತ್ತಾ ಮೇಡಂ? ನಮ್ಮ ತೋಟಕ್ಕೆ ಬರೋದು ನಾವು ಬೈದಿದ್ದೆಲ್ಲ ತಿಳಿದ ಹಾಗೆ ನೋಡುತ್ತೆ' ಅಂದರು. ಎಲ್ಲರೂ ನಕ್ಕರು. ಕೊರಿಯಾದ ಮೃಗಾಲಯದ ಕೋಶಿಕ್ ಎಂಬ ಆನೆ ಸೊಂಡಿಲನ್ನು ಬಾಯಿಗೆ ಹಾಕಿಕೊಂಡು ಐದು ಕೊರಿಯನ್ ಪದಗಳನ್ನು ಅನುಕರಿಸುತ್ತದೆ ಅಂತ 2012ರಲ್ಲಿ ವರದಿಯಾಯಿತು. ಕೇಳಿದ್ದನ್ನು ಅನುಕರಿಸುವ ಶಕ್ತಿ ಗಿಣಿಗಿದೆ, ನಮ್ಮ ಕಾಡಿನ ಭೀಮರಾಜ ಹಕ್ಕಿಗಿದೆ, ಆನೆಗೂ ಇದೆ. ಹತ್ತಿರದ ನೆಂಟ ಚಿಂಪಾಂಜಿಗೆ ಇಲ್ಲವೇ ಇಲ್ಲ ಅನ್ನಬಹುದು. ಆದರೆ ಕೋಶಿಕ್‌ಗೆ ಆ ಪದಗಳ ಅರ್ಥ ಗೊತ್ತಿದ್ದ ಹಾಗೆ ಕಾಣಲಿಲ್ಲ. ನಿಮ್ಮ ಬೈಗುಳ ಉಳಿಸಿಕೊಳ್ಳಿ ಅಂದೆ.

ಎಲ್ಲರೂ ಎದ್ದ ಮೇಲೆ ಒಬ್ಬ ಅಜ್ಜಿ ಹತ್ತಿರ ಬಂದರು. ಹೆಗಲ ಮೇಲೆ ಮೊಮ್ಮಗ ಮಲಗಿದ್ದ. ಒಂದೂವರೆ ವರ್ಷವಂತೆ. 'ಇವನಪ್ಪನೂ ಮೂರು ವರ್ಷಕ್ಕೇ ಕಣವ್ವ ಮಾತಾಡಿದ್ದು' ಅಂದರು. ಮತ್ತೆ ತಾವೇ, 'ತಟ್ಟೆ ಬೀಳಿಸಿ ನೋಡಿದ್ವಿ' ಅಂದರು. ಮೊಬೈಲ್ ಬೆಳಕಿನಲ್ಲಿ ಒಂದು ಚೀಟಿಯ ಮೇಲೆ 'ಬೇರಾ' ಅಂತ ಬರೆದು, ಜಿಲ್ಲಾ ಆಸ್ಪತ್ರೆಯ ಕಿವಿ ಮೂಗು ಗಂಟಲು ವಿಭಾಗದಲ್ಲಿ ತೋರಿಸಿ, ಅಲ್ಲಿ ಆಗದಿದ್ದರೆ ಎಲ್ಲಿ ಅಂತ ಅವರೇ ಬರೆದುಕೊಡುತ್ತಾರೆ ಅಂದೆ. ಅಜ್ಜಿ ಚೀಟಿಯನ್ನು ನಾಲ್ಕಾಗಿ ಮಡಿಚಿ ಎಲೆ ಅಡಿಕೆ ಚೀಲದಲ್ಲಿ ಇಟ್ಟುಕೊಂಡರು. ಬಾಗಿಲ ಹತ್ತಿರ ಹೋಗಿ ತಿರುಗಿ ಕೇಳಿದರು:

'ನಾಳೆ ಸೋಮ್ವಾರ ಇರ್ತಾರ?'

ಇರ್ತಾರೆ ಅಂದೆ. ಹೊರಗೆ ಹನಿ ಶುರುವಾಗಿತ್ತು. ಅಜ್ಜಿ ಸೆರಗನ್ನು ಮಗುವಿನ ತಲೆಗೆ ಹೊದಿಸಿ, ಬಸ್ ಸ್ಟ್ಯಾಂಡ್ ಕಡೆ ನಡೆದರು.